ಹತ್ತು ಗಂಟೆಯ ಮಾದರಿಯಲ್ಲಿ ಸಿಕ್ಕ ಉಪ್ಪು

ಅಣು ವಿದ್ಯುತ್ ಸ್ಥಾವರದ ಮುಖ್ಯಸ್ಥರಿಗೆ,

ನಮಸ್ಕಾರ ಸರ್.

ಇಂದು ಬೆಳಿಗ್ಗೆ ಹತ್ತು ಗಂಟೆಗೆ ತೆಗೆದ ಬಾಯ್ಲರ್ ನೀರಿನ ಮಾದರಿಯಲ್ಲಿ ಉಪ್ಪಿನಂಶ ಏಕೆ ಏರಿತ್ತೆಂದು ನೀವು ಬರಹದಲ್ಲಿ ವಿವರಣೆ ಕೇಳಿದ್ದೀರಿ. "ಏನಮ್ಮಾ, ಸಮುದ್ರಾನೇ ಪೈಪಿನೊಳಗೆ ಬಂದು ಕೂತಿದೆಯಾ?" ಎಂದು ನೀವು ಗದರಿದಾಗ ನಾನು ನೇರ ಲ್ಯಾಬಿಗೆ ಓಡಿದೆ. ಉಗಿಯನ್ನು ತಂಪು ಮಾಡುವ ಸಮುದ್ರದ ನೀರು ನಿಜಕ್ಕೂ ಒಳಗೆ ಸೋರಿದ್ದರೆ ಕೊಳವೆಗಳನ್ನು ತುಕ್ಕು ತಿನ್ನುತ್ತದೆ, ಘಟಕವನ್ನು ನಿಲ್ಲಿಸಲೇಬೇಕು.

ಹೊಸ ಕೈಗವಸು ಹಾಕಿಕೊಂಡು, ಬಾಟಲಿಯನ್ನು ಹತ್ತು ಸಲ ತೊಳೆದು, ಮತ್ತೆ ಮಾದರಿ ತೆಗೆದೆ. ನೀರು ಎಂದಿನಷ್ಟೇ ಶುದ್ಧವಾಗಿದೆ. ಆ ಉಪ್ಪು ನನ್ನದು.

ಒಂಬತ್ತೂಮುಕ್ಕಾಲಿಗೆ ನನ್ನ ತಮ್ಮ ಲ್ಯಾಬಿಗೆ ಫೋನ್ ಮಾಡಿದ್ದ. ಪಾರ್ಶ್ವವಾಯುವಾಗಿ ಎಂಟು ತಿಂಗಳಿಂದ ಮಾತೇ ಇಲ್ಲದಿದ್ದ ಅಮ್ಮನಿಗೆ ಫೋನ್ ಕೊಟ್ಟ. "ತಿಂಡಿ ತಿಂದ್ಯೇನೇ, ಕತ್ತೆ?" ಎಂದಳು. ತಿಂಡಿ ಎನ್ನುವಾಗ ನಾಲಿಗೆ ತೊದಲಿತು, ಕತ್ತೆ ಮಾತ್ರ ಸ್ಪಷ್ಟವಾಗಿತ್ತು. ನಾನು ಕೈಗವಸಿನಲ್ಲೇ ಕಣ್ಣೊರೆಸಿಕೊಂಡು ಅದೇ ಕೈಯಲ್ಲಿ ಬಾಟಲಿಯ ಬಾಯಿ ಹಿಡಿದೆ. ಇಪ್ಪತ್ತೆರಡು ವರ್ಷಗಳ ಕೆಲಸದಲ್ಲಿ ಇಂಥ ತಪ್ಪು ಇದೇ ಮೊದಲು. ದಯವಿಟ್ಟು ದಾಖಲೆಯಲ್ಲಿ ಉಪಕರಣದ ದೋಷವೆಂದು ಬರೆಸಬೇಡಿ. ಉಪಕರಣ ಇದ್ದದ್ದನ್ನೇ ಹೇಳಿದೆ.

ನಾಳೆಯಿಂದ ಎರಡು ದಿನ ರಜೆ ಬೇಕು ಸರ್. ತಿಂಡಿ ತಿಂದಿಲ್ಲ ಎಂದು ಅಮ್ಮನಿಗೆ ನಿಜ ಹೇಳಿಬಿಟ್ಟೆ. ಮಿಕ್ಕಿದ್ದನ್ನು ಎದುರಿಗೇ ಬೈಯುತ್ತಾಳಂತೆ. ತಡಮಾಡಿದರೆ ಅವಳ ಸಿಟ್ಟು ಇಳಿದುಹೋದೀತೆಂದು ಭಯವಾಗುತ್ತಿದೆ.

ಇಂತಿ,
ನೀರು ಪರೀಕ್ಷಾ ವಿಭಾಗದ ಹಿರಿಯ ರಸಾಯನಶಾಸ್ತ್ರಜ್ಞೆ