ಒಂದೇ ಕಡೆ ವಾಲಿದ ಮುನ್ನೂರು ಗ್ಯಾಲಕ್ಸಿಗಳು

ಭಾನುವಾರ, ಬೆಳಿಗ್ಗೆ ಹತ್ತು

ನನ್ನ ಮುದ್ದಿನ ಸಿಡುಕಿಗೆ,

ಮೊದಲು ಒಳ್ಳೆಯ ಸುದ್ದಿ: ಕೆಲಸ ಹೋಗಲಿಲ್ಲ. ತವರಲ್ಲಿ ತಮ್ಮನ ಮಗುವನ್ನು ಎತ್ತಿಕೊಂಡೇ ಒಂದು ಸಲ ನಿರಾಳವಾಗಿ ಉಸಿರು ಬಿಡು.

ಹೋದ ಕಾಗದದಲ್ಲಿ ಅರ್ಧಂಬರ್ಧ ಬರೆದಿದ್ದೆ, ಈಗ ಪೂರ್ತಿ ಕೇಳು. ನಾನು ಗುಡಿಸಿ ಒರೆಸುವ ಆಫೀಸಿನ ಮೇಡಂ, ರೇಡಿಯೋ ದೂರದರ್ಶಕಕ್ಕೆ ಸಿಕ್ಕ ದೂರದೂರದ ಗ್ಯಾಲಕ್ಸಿಗಳ ಚಿತ್ರ ಕೂಡಿಹಾಕಿದ್ದಾರೆ. ಒಂದೊಂದಕ್ಕೂ ಎರಡು ಪಕ್ಕಕ್ಕೆ ಹಿಂಜಿದ ಹತ್ತಿಯಂಥ ಬಾಲ. ಆ ಬಾಲಗಳೆಲ್ಲ ಆಕಾಶದ ತುಂಬ ಒಂದೇ ದಿಕ್ಕಿಗೆ ಮಲಗಿವೆಯೋ, ಚೆಲ್ಲಿದ ಬೆಂಕಿಕಡ್ಡಿಯಂತೆ ದಿಕ್ಕಾಪಾಲೋ, ಅದು ಅವರ ಪ್ರಶ್ನೆ. ಮಸುಕಾದ ಚಿತ್ರಗಳ ಮೇಲೆ ಸ್ಕೇಲಿಟ್ಟು ಗೆರೆ ಎಳೆಯಲು ನನ್ನನ್ನು ಕೂರಿಸಿದರು. "ಓದಿದೋರ ಕಣ್ಣು ಬೇಕಾದ್ದನ್ನೇ ನೋಡುತ್ತೆ, ನಿಮ್ಮದು ಹಾಗಲ್ಲ" ಅಂದರು. ನನ್ನ ನಾಲ್ಕನೇ ಕ್ಲಾಸಿಗೆ ಸಿಕ್ಕ ಮೊದಲ ಮರ್ಯಾದೆ!

ಮುನ್ನೂರು ಗೆರೆ ಎಳೆದೆ. ನೋಡಿದರೆ ಎಲ್ಲವೂ ಒಂದೇ ಕಡೆ ವಾಲಿವೆ. ಮೇಡಂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶುಕ್ರವಾರ ದೊಡ್ಡ ಸಭೆಯಲ್ಲಿ ಹೇಳುವುದೆಂದಾಯಿತು.

ಬುಧವಾರ ಪೇಪರ್ ಓದುತ್ತಿದ್ದೆ. ವಾಕ್ಯದ ಕೊನೆಯ ಪ್ರತಿ ಚುಕ್ಕೆಯೂ ನನ್ನ ಗೆರೆಗಳ ಹಾಗೇ ಬಲಕ್ಕೆ ವಾಲಿ ಉದ್ದ ಕಂಡಿತು. ಕನ್ನಡಕ ತೆಗೆದು ನೋಡಿದೆ. ಕನ್ನಡಕದ ದುಂಡು ಗಾಜು ಕಳಚಿ ಬಿದ್ದಾಗ ನಾನೇ ಗೋಂದು ಹಚ್ಚಿ ಕೂರಿಸಿದ್ದೆ. ಇಂಥ ದಿಕ್ಕಿಗೇ ಕೂರಬೇಕಾದ ಗಾಜು ಅದು, ತಿರುಗಿ ಕೂತಿತ್ತು!

ಹೇಳಿದರೆ ನನ್ನ ಕೆಲಸಕ್ಕೆ ಕತ್ತರಿ, ಹೇಳದಿದ್ದರೆ ಮೇಡಂ ಮಾನಕ್ಕೆ. ಗುರುವಾರ ಪೊರಕೆ ಹಿಡಿದುಕೊಂಡೇ ಹೇಳಿಬಿಟ್ಟೆ. ಅವರು ಹತ್ತು ಚಿತ್ರ ಅಡ್ಡ ತಿರುಗಿಸಿ ಕೊಟ್ಟರು. ಚಿತ್ರ ತಿರುಗಿತು, ನನ್ನ ಗೆರೆ ಮಾತ್ರ ಮೊಂಡು ಕತ್ತೆಯ ಹಾಗೆ ಹಳೆಯ ಕಡೆಗೇ ವಾಲಿತು. ಮೇಡಂ ಕುರ್ಚಿಯಲ್ಲಿ ಕುಸಿದರು. ನಾನು ಪೊರಕೆ ಮೂಲೆಗಿಟ್ಟು ಹೊರಡಲು ಸಿದ್ಧನಾದೆ. ಅಷ್ಟರಲ್ಲಿ ಮೇಡಂಗೆ ಕಣ್ಣಲ್ಲಿ ನೀರು ಬರುವಷ್ಟು ನಗು! "ಅಯ್ಯೋ ಅಣ್ಣಾ, ನಾನು ಅಳೆದಿದ್ದು ಆಕಾಶ ಅಲ್ಲ, ನಿಮ್ಮ ಮೂಗಿನ ಮೇಲಿನ ಗಾಜು! ಸದ್ಯ, ಇವತ್ತೇ ಹೇಳಿದ್ರಿ. ನಾಳೆ ಆಗಿದ್ರೆ ನಾನು ಊರು ಬಿಡ್ಬೇಕಿತ್ತು."

ಆಫೀಸಿನ ಬೇರೆ ಮೂವರು ಸಂಜೆಯೊಳಗೆ ಮತ್ತೆ ಗೆರೆ ಎಳೆದರು. ಎಲ್ಲ ದಿಕ್ಕಾಪಾಲು. ಆಕಾಶವೂ ನಮ್ಮ ಮನೆಯ ಹಾಗೇ, ಒಬ್ಬೊಬ್ಬರದು ಒಂದೊಂದು ದಿಕ್ಕು. "ಸಾಲಾಗಿಲ್ಲ ಅನ್ನೋದೂ ಉತ್ತರಾನೇ" ಎಂದು ಮೇಡಂ ಸಭೆಯಲ್ಲಿ ಅದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದರು.

ಹೊಸ ಗಾಜು ಹಾಕಿಸಿಕೊಂಡು ದಾರಿ ನೋಡುತ್ತಿರುವ,
ನಿನ್ನ ವಕ್ರದೃಷ್ಟಿಯ ಗಂಡ

ತಾ.ಕ.: ನಿನ್ನ ತಮ್ಮನ ಸ್ಕೂಟರಿನ ಬ್ರೇಕ್ ಹಿಡಿಯಲಿಲ್ಲ ಅಂದಿದ್ದೆನಲ್ಲ, ಅದು ಚೆನ್ನಾಗೇ ಇತ್ತು. ಗೋಡೆಗೆ ಗುದ್ದಿದವನು ನಾನೇ. ಅವನಿಗೆ ನೀನೇ ಹೇಳು. ಒಂದೇ ವಾರದಲ್ಲಿ ಎರಡೆರಡು ತಪ್ಪು ಒಪ್ಪಿಕೊಂಡು ನನಗೆ ಅಭ್ಯಾಸವಿಲ್ಲ.