ಮೇಜರ್ ಸಿಡಿಲಿನ ಬಲಗೈ

ಮಂಗಳವಾರ, ಒಂಬತ್ತನೇ ತಾರೀಕು.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಯಲ್ಲಿ ಮುನ್ನುಡಿ ಬರೆಸಬೇಕಂತೆ. ನನ್ನದು ಕುಂಚ ಹಿಡಿದ ಕೈ, ಪೆನ್ನು ಹಿಡಿದರೆ ಸಿಟ್ಟು ಬರುತ್ತದೆ. ನಾನು ಹುಟ್ಟಿಸಿದ ‘ಮೇಜರ್ ಸಿಡಿಲು’ ಕಾಮಿಕ್ಸ್ ಮತ್ತೆ ಶುರುವಾಗುತ್ತಿದೆ. ಈಗ ಚಿತ್ರ ಬರೆಯುವವಳು ನನ್ನ ಹತ್ತಿರವೇ ಕೆಲಸ ಕಲಿತ ಹುಡುಗಿ. ಅವಳನ್ನು ಹರಸಿ ನಾಲ್ಕು ಸಾಲು ಗೀಚಿ ಕೊಡಬೇಕು ಎಂದು ಸಂಪಾದಕನ ಹಟ.

ಇವತ್ತು ಅವಳೇ ಪುಟಗಳನ್ನು ತಂದು ತೋರಿಸಿದಳು. ಸಿಡಿಲು ಬಲಗೈಯಲ್ಲಿ ಸಲ್ಯೂಟ್ ಹೊಡೆಯುತ್ತಿದ್ದಾನೆ!

“ಇವನು ಎಡಚ ಕಣೇ, ಮರೆತುಬಿಟ್ಯಾ?” ಎಂದು ರೇಗಿದೆ.

“ನೀವು ಕನ್ನಡಿ ಮುಂದೆ ನಿಂತು ನಿಮ್ಮನ್ನೇ ನೋಡ್ಕೊಂಡು ಬರೀತಿದ್ರಲ್ಲ ಸರ್, ಅದಕ್ಕೇ ಎಡಗೈ ಆಗೋಯ್ತು. ಸೈನ್ಯದಲ್ಲಿ ಯಾರು ಹಾಗೆ ಸಲ್ಯೂಟ್ ಹೊಡೀತಾರೆ?” ಎಂದು ನಕ್ಕಳು.

ನಕ್ಕದ್ದಕ್ಕೆ ನನಗೆ ಉರಿಯಲಿಲ್ಲ. ಅವಳು ತಂದದ್ದರಲ್ಲಿ ಸಿಡಿಲು ಬಾವುಟ ಹೊತ್ತು ಕೆಸರಿನಲ್ಲಿ ಓಡುವ ಪುಟ ಒಂದಿದೆ. ಅದರಲ್ಲಿ ಬೂಟಿನ ಭಾರ ಕಾಣುತ್ತದೆ. ಮನುಷ್ಯ ಸುಸ್ತಾಗಿದ್ದಾನೆ, ಆದರೂ ಬಾವುಟ ಬಿಡುವುದಿಲ್ಲ. ಅಷ್ಟು ವರ್ಷ ಬರೆದರೂ ನನ್ನ ಸಿಡಿಲು ಒಂದು ದಿನವೂ ಬೆವರಲಿಲ್ಲ. ಉರಿಯುತ್ತಿರುವುದು ಅದಕ್ಕೆ.

ಊಟಕ್ಕೆ ಕೂತರೂ ಮುಖ ಗಂಟು ಹಾಕಿಕೊಂಡೇ ಇದ್ದೆ. “ನಿಮ್ಮ ಹೊಟ್ಟೆ ಮೇಲೆ ಹಂಡೆ ಇಟ್ರೆ ಸಾಕು, ಇಡೀ ಬೀದಿಗೆ ಬಿಸಿನೀರು ಕಾಯತ್ತೆ” ಎಂದಳು ಹೆಂಡತಿ. ಕಾಯಲಿ.

ಮುನ್ನುಡಿ ಗಿನ್ನುಡಿ ನನ್ನಿಂದ ಆಗದು. ಹರಸಿ ಮೂಲೆ ಸೇರುವಷ್ಟು ಮುದುಕನಾಗಿಲ್ಲ ನಾನು. ಮೊದಲ ಸಂಚಿಕೆಯ ಮುಖಪುಟ ಅವಳದೇ ಇರಲಿ, ಆ ಓಟಕ್ಕೆ ಅದು ಸಲ್ಲಬೇಕು. ಎರಡನೇ ಸಂಚಿಕೆಯದನ್ನು ಬರೆಯಲು ನನಗೆ ಕೊಡುತ್ತಾನೋ ಇಲ್ಲವೋ, ಹದಿನೈದನೇ ತಾರೀಕಿನೊಳಗೆ ಸಂಪಾದಕ ಬಾಯಿಬಿಟ್ಟು ಹೇಳಲಿ.