ಸ್ವಂತ ಊರಿಗೆ ಯಾತ್ರೆ

ಜುಲೈ 2, ಬುಧವಾರ

ಸರ್ಕಾರದವರು ಕೊಡುತ್ತೇವೆಂದದ್ದು: ವಾರಕ್ಕೆರಡು ದಿನ ಡಾಕ್ಟರು. ದಿನವೂ ನರ್ಸು. ಪಟ್ಟಣಕ್ಕೆ ಬಸ್ಸು.

ಕೊಟ್ಟದ್ದು: ಆಸ್ಪತ್ರೆಯ ಬಾಗಿಲಿಗೆ ಬೀಗ. ಆಮೇಲೆ ಬೀಗ ತೆಗೆದರು — ನಮಗಲ್ಲ. ನಾವೇ ಗಾರೆ ಹೊತ್ತು ಕಟ್ಟಿದ ಕೋಣೆಯಲ್ಲಿ ಯಾವುದೋ ಟ್ರಸ್ಟಿನವರು ‘ಯಾತ್ರಿಕರ ನೆರವು ಕೇಂದ್ರ’ ನಡೆಸುತ್ತಿದ್ದಾರೆ. ಸಾಂತ್ಯಾಗೊ ಸಂತನ ಸಮಾಧಿಗೆ ನಡೆದು ಹೋಗುವ ಜರ್ಮನಿಯವನ ಅಂಗಾಲಿನ ಬೊಬ್ಬೆಗೆ ಅಲ್ಲಿ ಮುಲಾಮು ಉಂಟು. ಬಸಿಲಿಸಾ ಚಿಕ್ಕಮ್ಮನ ಕಣಕಾಲಿನ ಹುಣ್ಣಿಗೆ ಇಲ್ಲ.

ಎಪ್ಪತ್ತು ದಾಟಿದ ಮುದುಕಿ. ನನಗೆ ಪಕ್ಕದ ಮನೆ, ಊರಿಗೆಲ್ಲ ಚಿಕ್ಕಮ್ಮ. ವಾರಕ್ಕೆರಡು ಸಲ ಹುಣ್ಣು ತೊಳೆದು ಪಟ್ಟಿ ಬದಲಿಸದಿದ್ದರೆ ಕಾಲೇ ತೆಗೆಯಬೇಕಾದೀತು ಎಂದಿದ್ದಾರೆ ಪಟ್ಟಣದ ದೊಡ್ಡ ಡಾಕ್ಟರು. ಹೋಗುವುದು ಹೇಗೆ? ಬಸ್ಸಿಲ್ಲ. ನನಗೆ ಕಾರಿಲ್ಲ. ಕಾರಿದ್ದವರು ಗೋಧಿ ಕೊಯ್ಲಿನಲ್ಲಿ.

ಇವತ್ತೂ ಕೇಂದ್ರಕ್ಕೆ ಹೋಗಿ ಕೇಳಿದೆ. ನರ್ಸು ಇಚಾಸೊ, ಬಿಲ್ಬಾವೊ ಕಡೆಯ ಹುಡುಗಿ, ತಲೆ ತಗ್ಗಿಸಿದಳು.

“ಯಾತ್ರಿಕರ ಚೀಟಿ ಬೇಕು ಹೆರ್ಮಿನಿಯಾ. ಅದರಲ್ಲಿ ಹಿಂದಿನ ಊರಿನ ಮುದ್ರೆ ಬೇಕು, ಅವತ್ತಿಂದೇ. ಇಲ್ದಿದ್ರೆ ನನ್ನ ಕೆಲಸ ಹೋಗುತ್ತೆ. ಹಿಂದೆ ಇದ್ದವಳದ್ದು ಹಾಗೇ ಹೋಯ್ತು.”

ಮುದ್ರೆ ತಾನೆ? ತರೋಣ.

ಜುಲೈ 4, ಶುಕ್ರವಾರ. ಬೆಳಿಗ್ಗೆ

ಉಪಾಯ ಸುಲಭದ್ದು. ಬ್ರೆಡ್ಡಿನ ವ್ಯಾನಿನಲ್ಲಿ ಹಿಂದಿನ ಊರು ಕಾಸ್ತ್ರೊಯೆರ್ಮೊಗೆ ಹೋಗುವುದು, ಚೀಟಿ ಮಾಡಿಸಿ ಮುದ್ರೆ ಒತ್ತಿಸುವುದು, ಅದೇ ವ್ಯಾನಿನಲ್ಲಿ ವಾಪಸ್ ಬರುವುದು. ಹೋದೆವು. ಒತ್ತಿಸಿದೆವು. ಚಿಕ್ಕಮ್ಮ ವ್ಯಾನು ಹತ್ತಲೊಲ್ಲಳು.

“ಇದು ನಡೆದವರ ಮುದ್ರೆ. ಸಂತ ಸಾಂತ್ಯಾಗೊಗೆ ಸುಳ್ಳು ಹೇಳಲ್ಲ ನಾನು.”

“ಸಾಂತ್ಯಾಗೊಗಲ್ಲ ಚಿಕ್ಕಮ್ಮ, ಟ್ರಸ್ಟಿನವರಿಗೆ ಹೇಳೋದು!”

“ಯಾರಿಗೆ ಹೇಳಿದ್ರೂ ಬಾಯಿ ನಂದೇ ತಾನೆ?”

“ಹತ್ತೀರೋ ಇಲ್ವೋ? ಬ್ರೆಡ್ಡು ಒಣಗ್ತಿದೆ!” ಎಂದು ಕೂಗಿದ ವ್ಯಾನಿನವನು. ಹೋಗಿಯೂಬಿಟ್ಟ.

ಮಧ್ಯಾಹ್ನ, ದಾರಿಯಲ್ಲಿ

ಹುಣ್ಣಿಗೆ ಪಟ್ಟಿ ಕಟ್ಟಿಸಲು ಹುಣ್ಣು ಕೆರಳಿಸಿಕೊಂಡು ನಡೆಯಬೇಕು. ಎಂಥ ದೇಶ! ಒಂದು ಮರವಿಲ್ಲ. ಕೊಯ್ದ ಹೊಲ, ಕಲ್ಲಿನ ಮೇಲೆ ಯಾತ್ರಿಕರಿಗೆ ದಾರಿ ತೋರುವ ಹಳದಿ ಬಾಣ, ಮತ್ತೆ ಹೊಲ. ಚಿಕ್ಕಮ್ಮ ಕಲ್ಲು ಕಂಡಲ್ಲಿ ಕೂರುತ್ತಾಳೆ, ಶಿಲುಬೆ ಕಂಡಲ್ಲಿ ನಿಲ್ಲುತ್ತಾಳೆ. ಸಕ್ಕರೆ ಕಾರ್ಖಾನೆಯ ಮುಷ್ಕರದಲ್ಲಿ ಗೇಟು ಕಾದವಳು ನಾನು. ಇವಳ ಹಟಕ್ಕಿಂತ ಆ ಮಾಲೀಕನೇ ವಾಸಿ. ಅಂದೇಬಿಟ್ಟೆ.

“ನಿಮ್ಮ ಗಲಾಟೆಗೆ ನಾನು ಬರ್ಲಿಲ್ಲ. ನನ್ನ ಜಪಕ್ಕೆ ನೀನು ಬರ್ಬೇಡ. ನೀರು ಕೊಡು.”

ಬೆನ್ನಿಗೆ ಯಾತ್ರಿಕರ ಗುರುತಿನ ಚಿಪ್ಪು ನೇತುಹಾಕಿಕೊಂಡ ಡಚ್ಚನೊಬ್ಬ ಸಿಕ್ಕಿದ.

“ಎಲ್ಲಿಂದ ಹೊರಟ್ರಿ ಅಜ್ಜಿ?”

“ಫ್ವೆಂತೆಸೆಕಾದಿಂದ.”

“ಎಲ್ಲಿಗೆ?”

“ಫ್ವೆಂತೆಸೆಕಾಕ್ಕೆ.”

ಆಹಾ, ಎಂಥ ಆಳವಾದ ಮಾತು ಎಂದು ಫೋಟೊ ತೆಗೆದುಕೊಂಡ. ಆಳವಂತೆ! ನಮ್ಮೂರಿನ ಹೆಸರು ಮಾರಾಯ ಅದು. ಚಿಕ್ಕಮ್ಮನ ಕಾಲುಚೀಲ ಒದ್ದೆಯಾಗಿತ್ತು, ಬೆವರಿನಿಂದಲ್ಲ. ಅದು ಅವನಿಗೆ ಕಾಣಲಿಲ್ಲ.

ಸಂಜೆ

ಇಚಾಸೊ ಚೀಟಿ ನೋಡಿದಳು, ಕಾಲು ನೋಡಿದಳು. ತೊಳೆದು ಕಟ್ಟಿದಳು. ನನ್ನನ್ನು ಹೊರಗೆ ಕರೆದು ಬೈದಳು.

“ನಡೆಸ್ಕೊಂಡು ಬಂದ್ರಾ? ಬುದ್ಧಿ ಇದೆಯಾ ನಿಮಗೆ? ಇನ್ನೊಂದ್ಸಲ ಹೀಗೆ ನಡೆದ್ರೆ ಕಾಲು ಉಳಿಯಲ್ಲ.”

ಮುಂದಿನ ಪಟ್ಟಿ ಮಂಗಳವಾರ. ಮತ್ತೆ ಹೊಸ ಮುದ್ರೆ ಬೇಕು. ನಡೆದರೆ ಕಾಲಿಲ್ಲ, ನಡೆಯದಿದ್ದರೆ ಪಟ್ಟಿಯಿಲ್ಲ. ಸುಳ್ಳಿಗೆ ಮುದುಕಿ ಒಪ್ಪುವುದಿಲ್ಲ. ಯಾರ ಕುತ್ತಿಗೆ ಹಿಸುಕಲಿ — ಟ್ರಸ್ಟಿನದೋ, ಇವಳದೋ?

ಜುಲೈ 6, ಭಾನುವಾರ

ಚರ್ಚಿನ ಬಲಿಪೂಜೆಗೆ ಹೋಗುವವಳಲ್ಲ ನಾನು. ಚಿಕ್ಕಮ್ಮನ ಕೈಹಿಡಿದು ನಡೆಸಲು ಹೋದೆ.

ಪೂಜೆ ಮುಗಿಯಿತು. ಚಿಕ್ಕಮ್ಮ ಎದ್ದಳು, ಊರುಗೋಲೆತ್ತಿ ಸಂತ ರೋಕೆಯ ವಿಗ್ರಹದ ಕಡೆ ತೋರಿಸಿದಳು. ಪ್ರತಿ ಆಗಸ್ಟ್‌ನಲ್ಲಿ ಊರು ಹೆಗಲ ಮೇಲೆ ಹೊತ್ತು ಮೆರೆಸುವ ಸಂತ. ಯಾತ್ರಿಕನ ವೇಷ, ತೊಡೆಯ ಹುಣ್ಣು ತೋರಿಸಿಕೊಂಡು ಮೆರವಣಿಗೆಯಲ್ಲಿ ಹೊರುವ ಮರದ ಅಡ್ಡೆಯ ಮೇಲೆ ನಿಂತಿದ್ದಾನೆ.

“ಮರದ ಹುಣ್ಣನ್ನ ವರ್ಷಾ ವರ್ಷಾ ಹೊರ್ತೀರಿ. ನಂದು ನಿಜದ್ದು. ಮಂಗಳವಾರ ನನ್ನ ಹೊರಿ.”

ಪಾದ್ರಿಯ ಕಡೆ ತಿರುಗಿದಳು. “ಹೊತ್ಕೊಂಡು ಬಂದ್ರೆ ಯಾತ್ರೆ ಆಗುತ್ತೋ ಇಲ್ವೋ ಫಾದರ್?”

ಪಾದ್ರಿ ಕೆಮ್ಮಿದರು. “ಆಗುತ್ತೆ... ಹಿಂದೆಲ್ಲ ರೋಗಿಗಳನ್ನ ಹಾಗೇ ಕರ್ಕೊಂಡು ಹೋಗ್ತಿದ್ರು.”

“ಅಷ್ಟು ಯಾಕೆ ಚಿಕ್ಕಮ್ಮ, ನನ್ನ ಕಾರಲ್ಲೇ ಪಟ್ಟಣಕ್ಕೆ ಬಿಡ್ತೀನಿ,” ಎಂದ ಕುರಿ ಸಾಕುವ ಗುಮೆರ್ಸಿಂದೊ.

“ಇಷ್ಟು ದಿನ ಎಲ್ಲಿತ್ತು ನಿನ್ನ ಕಾರು? ನಾಳೆ ನಿನ್ನ ಹೆಂಡ್ತಿಗೆ ಸಕ್ಕರೆ ಏರಿದ್ರೆ, ನೀನು ಊರಲ್ಲಿಲ್ದಿದ್ರೆ? ಕಾರು ಬೇಡ, ಹೆಗಲು ಕೊಡು.”

“ಸಂತ ತೆಳ್ಳಗಿದ್ದಾನೆ. ನೀನು?”

“ಹೆಗಲು ತಾ ಅಂದೆ. ಬಾಯಿ ಮನೇಲಿಡು.”

ಎಲ್ಲ ನಕ್ಕರು. ನಕ್ಕವರೇ ಹೆಗಲು ಕೊಡುತ್ತೇವೆಂದರು. ಸಕ್ಕರೆ ಕಾಯಿಲೆಯವರು, ಬೀಪಿಯವರು, ಮಂಡಿನೋವಿನವರು — ನಡೆಯಬಲ್ಲವರೆಲ್ಲ ಚೀಟಿ ಮಾಡಿಸಿ ಹಿಂದೆ ಬರುತ್ತಾರಂತೆ. ಕೊಯ್ಲು ಒಂದು ದಿನ ನಿಲ್ಲುತ್ತದಂತೆ. ಆಸ್ಪತ್ರೆ ತೆರೆಸಲು ಮೂರು ವರ್ಷ ಕರಪತ್ರ ಹಂಚಿದೆ ನಾನು. ಸಭೆಗೆ ಬಂದದ್ದು ಗುಮೆರ್ಸಿಂದೊನ ನಾಯಿ. ಇವಳು ಎರಡು ಮಾತಾಡಿದಳು. ಮೈ ಉರಿಯುತ್ತದೆ. ಉರಿಯಲಿ.

ಪತ್ರಿಕೆಯವರಿಗೆ ಫೋನ್ ಮಾಡಿದೆ. ಇಚಾಸೊಗೂ ತಿಳಿಸಿದೆ. ಅವಳೆಂದಳು: “ಬಾಗಿಲು ಎರಡೂ ಕದ ತೆಗೆದಿಡ್ತೀನಿ. ಅಡ್ಡೆ ಅಗಲ ಇರುತ್ತಲ್ಲ.”

ಸಂತನನ್ನು ಕೆಳಗಿಳಿಸಬೇಕು. ಅಡ್ಡೆಗೆ ಕುರ್ಚಿ ಬಿಗಿಯಬೇಕು. ಅಡ್ಡೆಯ ಮುಂಭಾಗಕ್ಕೆ ಹೆಗಲು ನನ್ನದಂತೆ — ಚಿಕ್ಕಮ್ಮನ ಅಪ್ಪಣೆ. ದೇವರನ್ನು ಒಮ್ಮೆಯೂ ಹೊರದ ಹೆಗಲು, ಸವೆದಿರುವುದಿಲ್ಲವಂತೆ.

ಮಂಗಳವಾರ, ಬೆಳಿಗ್ಗೆ ಆರೂವರೆ, ಕಾಸ್ತ್ರೊಯೆರ್ಮೊದ ಕಾರಂಜಿಯ ಹತ್ತಿರ ಎಲ್ಲರೂ ಸೇರುವುದು. ಮುದ್ರೆ ಒತ್ತಿಸಿ, ಇವಳನ್ನು ಹೊತ್ತು, ಫ್ವೆಂತೆಸೆಕಾಕ್ಕೆ.